ಗಂಗಾವತಿ ಭತ್ತಕ್ಕೆ ಬೆಂಗಳೂರು ಗಿರಣಿ

ಸನ್ಮಾನ್ಯ ಸರ್ಕಾರಕ್ಕೆ ಕೊಪ್ಪಳ ಜಿಲ್ಲೆಯ ರಹವಾಸಿಯೊಬ್ಬನ ಅರಿಕೆ ಏನೆಂದರೆ, ಗಂಗಾವತಿ, ಕಾರಟಗಿ ಭಾಗದ ರೈಸ್ ಮಿಲ್ಲುಗಳನ್ನೆಲ್ಲ ಬರುವ ಸುಗ್ಗಿಯೊಳಗೆ ಮುಚ್ಚಿಸಿ, ಬೆಂಗಳೂರಿನಲ್ಲಿ ಒಂದೇ ಒಂದು ದೊಡ್ಡ ಗಿರಣಿ ಕಟ್ಟಿಸಬೇಕು. ಭತ್ತ ಬೆಳೆಯುವ ಗದ್ದೆಯ ಮಗ್ಗುಲಲ್ಲೇ ಗಿರಣಿ ಇಟ್ಟುಕೊಳ್ಳುವುದು ಹಳೇ ಕಾಲದವರ ಬುದ್ಧಿ. ಡಿಜಿಟಲ್ ಯುಗಕ್ಕೆ ಇದು ಶೋಭೆ ತರುವಂಥದ್ದಲ್ಲ.

ಯೋಜನೆ ಬಹಳ ಸರಳ. ಎಡದಂಡೆ ಕಾಲುವೆಯ ನೀರುಂಡು ಬೆಳೆದ ಸೋನಾಮಸೂರಿ ಚೀಲಗಳನ್ನು ಲಾರಿಗೆ ಹೇರಿ, ಸುಮಾರು 350 ಕಿಲೋಮೀಟರ್ ದೂರದ ರಾಜಧಾನಿಗೆ ಸಾಗಿಸುವುದು. ಅಲ್ಲಿ ಎ.ಸಿ. ಗಿರಣಿಯಲ್ಲಿ ಹೊಟ್ಟು, ತೌಡು, ಅಕ್ಕಿ ಬೇರೆ ಬೇರೆ ಮಾಡಿ ಗೋದಾಮಿನಲ್ಲಿ ಇಡುವುದು. ಗಂಗಾವತಿ ಕಡೆಯ ಹೆಣ್ಣುಮಗಳೊಬ್ಬಳಿಗೆ ರಾತ್ರಿ ಅನ್ನಕ್ಕೆ ಸೇರು ಅಕ್ಕಿ ಬೇಕಾದರೆ ಅವಳು ಅರ್ಜಿ ಹಾಕುವುದು, ಮೊಬೈಲಿಗೆ ಒಟಿಪಿ ಬರುವುದು, ಆಮೇಲೆ ಅವಳದೇ ಗದ್ದೆಯ ಅಕ್ಕಿ ಬೆಂಗಳೂರಿನಿಂದ ಹೊರಡುವುದು. ಒಲೆಯ ಮೇಲಿನ ಎಸರು ಕುದ್ದು ಕುದ್ದು ಬತ್ತುವ ಹೊತ್ತಿಗೆ ‘ಗಿರಣಿ ಡೌನ್ ಐತ್ರಿ, ನಾಳಿ ಬರ್ರಿ’ ಎಂದು ಉತ್ತರ ಬಂದರೆ ಸಾರ್ವಜನಿಕರು ಸಹಕರಿಸುವುದು.

ನಗಬೇಡಿ. ಈ ಯೋಜನೆ ಭತ್ತವೊಂದನ್ನು ಬಿಟ್ಟು ಉಳಿದೆಲ್ಲದಕ್ಕೂ ಜಾರಿಯಾಗಿ ಎಷ್ಟೋ ವರ್ಷವಾಯಿತು. ನಮ್ಮ ಹೊಲದ ಪಹಣಿ, ನಮ್ಮ ಊರಿನ ಮಳೆ, ನಮ್ಮ ಹೆಬ್ಬಟ್ಟು ಎಲ್ಲವೂ ಬೀಸಲಿಕ್ಕೆ ಬೆಂಗಳೂರಿಗೇ ಹೋಗುತ್ತವೆ.

ಗಂಗಾವತಿಯ ಯಾವ ಮಿಲ್ಲಿನ ಹಮಾಲನನ್ನಾದರೂ ಕೇಳಿ ನೋಡಿ, ಲೆಕ್ಕ ಹೇಳುತ್ತಾನೆ. ಇಲ್ಲಿ ಭತ್ತದ ಚೀಲವೆಂದರೆ 75 ಕಿಲೋ. ಬೀಸಿದರೆ ಕೈಗೆ ಬರುವುದು ಹೆಚ್ಚುಕಡಿಮೆ 50 ಕಿಲೋ ಅಕ್ಕಿ. ಸರ್ಕಾರವೇ ಮಿಲ್ಲುಗಳಿಂದ ನೂರಕ್ಕೆ 67ರ ಲೆಕ್ಕದಲ್ಲಿ ಅಕ್ಕಿ ಕೇಳುತ್ತದೆ. ಮಿಕ್ಕ 25 ಕಿಲೋ ಹೊಟ್ಟು, ತೌಡು. ಅದನ್ನು 350 ಕಿಲೋಮೀಟರ್ ಹೊತ್ತೊಯ್ಯುವವನಿಗೆ ನಮ್ಮ ಕಡೆ ಒಂದು ಹೆಸರಿದೆ, ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ. ಅದಕ್ಕೇ ಗಿರಣಿ ಭತ್ತ ಇದ್ದಲ್ಲಿಗೆ ಬಂತು. ಹೊಟ್ಟು ಇಲ್ಲೇ ಒಲೆ ಸೇರುತ್ತದೆ, ತೌಡು ಇಲ್ಲೇ ಎಣ್ಣೆಯ ದಾರಿ ಹಿಡಿಯುತ್ತದೆ, ಅಕ್ಕಿಯಷ್ಟೇ ಊರು ಬಿಡುತ್ತದೆ. ಕಂಪ್ಯೂಟರಿನ ಪಂಡಿತರು ದೊಡ್ಡ ದೊಡ್ಡ ಪ್ರಬಂಧ ಬರೆದು ಕಂಡುಕೊಂಡದ್ದೂ ಇಷ್ಟೇ: ಮಾಹಿತಿ ಎಲ್ಲಿ ರಾಶಿ ಬಿದ್ದಿದೆಯೋ ಅಲ್ಲೇ ಲೆಕ್ಕ ಮಾಡಿ, ಉತ್ತರವನ್ನಷ್ಟೇ ಸಾಗಿಸಿ.

ಯಲಬುರ್ಗಾ ತಾಲೂಕಿನ ಹಳ್ಳಿಯೊಂದರ ನ್ಯಾಯಬೆಲೆ ಅಂಗಡಿಯ ಕಟ್ಟೆಯ ಮೇಲೆ ಒಂದು ಮುಂಜಾನೆ ಕೂತಿದ್ದೆ. ಪಾಳಿಯಲ್ಲಿ ಒಬ್ಬ ಮುದುಕಿ. ಆರು ದಶಕ ಕಳೆ ಕಿತ್ತು, ರೊಟ್ಟಿ ಬಡಿದು ಗೆರೆ ಸವೆದ ಹೆಬ್ಬೆರಳು. ಮಷೀನಿನ ಮೇಲೆ ಒತ್ತಿದಳು, ಕೆಂಪು ದೀಪ. ಸೆರಗಿನಿಂದ ಒರೆಸಿ ಒತ್ತಿದಳು, ಕೆಂಪು. ತಲೆಗೆ ಉಜ್ಜಿ ಎಣ್ಣೆ ಹಚ್ಚಿಕೊಂಡು ಒತ್ತಿದಳು, ಈ ಸಲ ಕೆಂಪೂ ಇಲ್ಲ, ಹಸಿರೂ ಇಲ್ಲ, ಒಂದು ಚಕ್ರ ಗಿರಗಿರ ತಿರುಗತೊಡಗಿತು.

“ತಡೀಬೇ ಯವ್ವಾ, ಸರ್ವರ್ ಕೇಳಾಕತ್ತೈತಿ.”

“ಏನ ಕೇಳತೈತೋ ತಮ್ಮಾ?”

“ನೀ ಹೌದೋ ಅಲ್ಲೋ ಅಂತ.”

“ನಾ ಇಲ್ಲೇ ನಿಂತೀನಲ್ಲೋ! ನನ್ನ ಹೆಬ್ಬಟ್ಟೂ ಇಲ್ಲೇ ಐತಿ. ನಿಮ್ಮಪ್ಪನ ಲಗ್ನದಾಗ ಸೋಬಾನ ಹಾಡಿದಾಕಿ ನಾನು. ಊರ ಮಂದಿ ಬಿಟ್ಟು ನನ್ನ ಗುರ್ತಾ ಬೆಂಗಳೂರಾಗ ಯಾರನ್ನ ಕೇಳ್ತಿ?”

ಅಂಗಡಿಯವನ ಬಳಿ ಉತ್ತರವಿರಲಿಲ್ಲ. ಚಕ್ರ ತಿರುಗುತ್ತಲೇ ಇತ್ತು. ಅಕ್ಕಿಯ ಚೀಲ ಮುದುಕಿಯಿಂದ ಮೂರು ಗೇಣು ದೂರದಲ್ಲಿತ್ತು. ಆಧಾರ್‌ನ ದತ್ತಾಂಶ ಕೇಂದ್ರಗಳು ಇರುವುದು ಬೆಂಗಳೂರಿನಲ್ಲಿ ಮತ್ತು ಹರಿಯಾಣದ ಮಾನೇಸರದಲ್ಲಿ. ಆ ಸವೆದ ಹೆಬ್ಬಟ್ಟಿನ ಚಿತ್ರ ಯಾವ ಗುಡ್ಡದ ಟವರ್ ಹತ್ತಿ, ಯಾವ ರಸ್ತೆ ಅಗೆತದಲ್ಲಿ ಕಡಿದ ಕೇಬಲ್ಲಿನ ಬಾಯಲ್ಲಿ ಸಿಕ್ಕಿಕೊಂಡಿತ್ತೋ, ಆ ಗವಿಮಠದ ಸಿದ್ಧೇಶನೇ ಬಲ್ಲ. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದು ಹಿರಿಯರು ಹೇಳುತ್ತಿದ್ದರು. ನಾವು ಆ ಗಾದೆಗೆ ಟೆಂಡರ್ ಕರೆದು ಮಷೀನು ಮಾಡಿಸಿದ್ದೇವೆ.

‘ಸರ್ವರ್’ ಎಂಬ ಪದ ನಮಗೆ ಹೊಸದಲ್ಲ. ಕೊಪ್ಪಳದ ಬಸ್ ಸ್ಟ್ಯಾಂಡಿನ ಎದುರಿನ ಯಾವ ಹೋಟೆಲಿಗೆ ಹೋದರೂ ಹೆಗಲ ಮೇಲೆ ಬಟ್ಟೆ ಹಾಕಿಕೊಂಡ ಒಬ್ಬ ಸರ್ವರ್ ಇರುತ್ತಾನೆ. ನೀವು ಕೂತಲ್ಲಿಗೇ ಬಂದು ‘ಏನ್ ಕೊಡ್ಲಿ ಸಾಹೇಬ್ರ’ ಎನ್ನುತ್ತಾನೆ, ಮಂಡಾಳ ಒಗ್ಗರಣಿ, ಮಿರ್ಚಿ ತಂದು ಮುಂದಿಡುತ್ತಾನೆ. ಅವನ ಕೆಲಸದ ಮರ್ಮವೇ ಗಿರಾಕಿ ಇದ್ದಲ್ಲಿಗೆ ಬರುವುದು. ಅದೇ ಹೆಸರು ಇಟ್ಟುಕೊಂಡ ಈ ಕಂಪ್ಯೂಟರ್ ಸರ್ವರ್ ಮಾತ್ರ ಮಿರ್ಚಿ ತಿನ್ನಬೇಕೆಂದವನನ್ನು 350 ಕಿಲೋಮೀಟರ್ ದೂರದ ಅಡುಗೆ ಮನೆಗೆ ಕರೆಯುತ್ತದೆ. ಹೋದರೆ ಒಲೆ ಆರಿರುತ್ತದೆ.

ಪಹಣಿಯ ಕಥೆ ಇನ್ನೂ ಸೊಗಸು. ನಿಜಾಮನ ಕಾಲದಲ್ಲಿ ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರು. ನಮ್ಮ ಹೊಲದ ಲೆಕ್ಕ ಉರ್ದುವಿನಲ್ಲಿ, ಲೆಕ್ಕದ ಯಜಮಾನರು ಹೈದರಾಬಾದಿನಲ್ಲಿ. 1956ರಲ್ಲಿ ಕನ್ನಡ ನಾಡಿಗೆ ಸೇರಿದೆವು, ಆಗ ದೊಡ್ಡ ಕಚೇರಿ ರಾಯಚೂರಿನಲ್ಲಿ. ಬುತ್ತಿ ಕಟ್ಟಿಕೊಂಡು ಹೋಗಿ, ಸಾಹೇಬರಿಲ್ಲವೆಂದು ತಿಳಿದು, ಬುತ್ತಿ ಉಂಡು ಬರುತ್ತಿದ್ದರು. 1997ರಲ್ಲಿ ಕೊಪ್ಪಳವೇ ಜಿಲ್ಲೆಯಾಯಿತು. ಪಟಾಕಿ ಹೊಡೆದೆವು. ಕಚೇರಿ ಕಡೆಗೂ ಮನೆಯ ಹತ್ತಿರ ಬಂತಲ್ಲ!

ಅದಾದ ಕೆಲವೇ ವರ್ಷಕ್ಕೆ ‘ಭೂಮಿ’ ಬಂತು. ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದರು. ದೇಶವಿದೇಶದವರು ನೋಡಿಕೊಂಡು ಹೋದರು, ಮೆಚ್ಚಬೇಕಾದ ಕೆಲಸವೇ. ಆಗ ದಾಖಲೆಯ ಕಂಪ್ಯೂಟರ್ ಇದ್ದದ್ದು ತಾಲೂಕು ಕಚೇರಿಯಲ್ಲೇ. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಕಿಟಕಿಯಲ್ಲಿ ರೈತನ ಕಡೆಗೂ ಒಂದು ಪರದೆ ತಿರುಗಿಸಿ ಇಟ್ಟಿದ್ದರು, ತನ್ನ ಹೆಸರು ತಾನೇ ನೋಡಿಕೊಳ್ಳಲಿ ಎಂದು. ಕುಷ್ಟಗಿಯ ಹೊಲದ ಲೆಕ್ಕ ಕುಷ್ಟಗಿಯಲ್ಲೇ ಇತ್ತು, ಕುಷ್ಟಗಿಯಲ್ಲೇ ಬೀಸಿ ಕೊಡುತ್ತಿದ್ದರು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದುದನ್ನು ಹಾಗೇ ಬಿಟ್ಟರೆ ಆಡಳಿತ ಸುಧಾರಣೆಗೆ ಬೆಲೆಯೆಲ್ಲಿ? ಮುಂದೆ ದಾಖಲೆಗಳೆಲ್ಲ ಬೆಂಗಳೂರಿನ ದತ್ತಾಂಶ ಕೇಂದ್ರ ಸೇರಿದವು. ಅಂದರೆ ನೂರು ವರ್ಷದ ನಮ್ಮ ಸಾಧನೆ ಹೀಗಿದೆ: ಕಚೇರಿ ಹೈದರಾಬಾದಿನಿಂದ ರಾಯಚೂರಿಗೆ, ರಾಯಚೂರಿನಿಂದ ಕೊಪ್ಪಳಕ್ಕೆ ನಡೆದು ಬಂತು. ಅದು ಬಾಗಿಲಿಗೆ ಬರುವಷ್ಟರಲ್ಲಿ ಕಡತ ಹಿತ್ತಲ ಬಾಗಿಲಿಂದ ಬೆಂಗಳೂರಿನ ಬಸ್ಸು ಹತ್ತಿತ್ತು. ಈಗ ಕುಷ್ಟಗಿಯ ಕಚೇರಿಯಲ್ಲಿ ಕುರ್ಚಿ ಇದೆ, ಫ್ಯಾನಿದೆ, ಸಿಬ್ಬಂದಿ ಇದ್ದಾರೆ, ಪ್ರಿಂಟರಿದೆ. ಹೊಲವೊಂದಿದೆ, ಅದರ ನೆನಪಿಲ್ಲ.

ಮಳೆಯನ್ನೂ ಬಿಟ್ಟಿಲ್ಲ. ಗಂಗಾವತಿಗೆ ತುಂಗಭದ್ರೆಯಿದ್ದಾಳೆ. ಕುಷ್ಟಗಿ, ಯಲಬುರ್ಗಾದ ಎರಿ ಹೊಲಗಳು ಮುಗಿಲು ನೋಡುತ್ತವೆ. ಅಲ್ಲಿ ಪ್ರತಿ ಹನಿಗೂ ಲೆಕ್ಕವಿದೆ. ರಾಜ್ಯದ ಗ್ರಾಮ ಪಂಚಾಯಿತಿಗಳಿಗೆಲ್ಲ ತಾನೇ ಸುದ್ದಿ ಕಳಿಸುವ ಮಳೆಮಾಪಕ ಹಾಕಿದ್ದಾರೆ, ಕಾಲು ತಾಸಿಗೊಮ್ಮೆ ಮಳೆಯ ಲೆಕ್ಕ ಬೆಂಗಳೂರಿನ ಯಲಹಂಕದಲ್ಲಿರುವ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮುಟ್ಟುತ್ತದೆ. ಒಳ್ಳೆಯ ವ್ಯವಸ್ಥೆ, ದೇಶದಲ್ಲಿ ಇಂಥದ್ದು ಕಡಿಮೆ. ಆದರೆ ಆ ಮಾಪಕದ ಕೆಳಗೇ ಬೀಡಿ ಸೇದುತ್ತ ಕೂತ ರೈತನಿಗೆ ರಾತ್ರಿ ಎಷ್ಟು ಮಿಲಿಮೀಟರ್ ಬಿತ್ತು, ಬಿತ್ತನೆಗೆ ಹದವಾಯಿತೇ ಎಂದು ತಿಳಿಯಬೇಕಾದರೆ? ‘ವರುಣ ಮಿತ್ರ’ ಸಹಾಯವಾಣಿಗೆ ಫೋನ್ ಮಾಡಿ ಯಲಹಂಕವನ್ನು ಕೇಳಬೇಕು. ಅವನ ತಲೆಯ ಮೇಲೆ ಬಿದ್ದ ಮಳೆ ಬೆಂಗಳೂರಿಗೆ ಹೋಗಿ, ಒಣಗಿ, ಮಡಿಚಿ, ಮಾತಾಗಿ ವಾಪಸ್ ಬರುತ್ತದೆ. ಪಂಚಾಯಿತಿ ಗೋಡೆಗೆ ಒಂದು ಕರಿ ಹಲಗೆ, ಒಂದು ತುಂಡು ಸೀಮೆಸುಣ್ಣ ಹೊಂದಿಸಲು ಯಾವ ಉಪಗ್ರಹ ಬೇಕಿತ್ತೋ ಗೊತ್ತಿಲ್ಲ.

ಇದೇನು ನನ್ನ ಹಳ್ಳಿಗಾಡಿನ ತಕರಾರಲ್ಲ. ಟ್ಯೂರಿಂಗ್ ಪ್ರಶಸ್ತಿ ಪಡೆದ ಜಿಮ್ ಗ್ರೇ ಎಂಬ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ 2003ರಲ್ಲೇ ರೂಪಾಯಿ ಪೈಸೆಯ ಲೆಕ್ಕ ಹಾಕಿ, ಮಾಹಿತಿ ಸಾಗಿಸುವುದು ದುಬಾರಿ, ಲೆಕ್ಕವನ್ನೇ ಮಾಹಿತಿಯ ಹತ್ತಿರ ಒಯ್ಯಿರಿ ಎಂದು ಬರೆದಿದ್ದರು. ಮರುವರ್ಷ ಗೂಗಲ್‌ನ ಜೆಫ್ರಿ ಡೀನ್, ಸಂಜಯ್ ಘೆಮಾವತ್ ಪ್ರಕಟಿಸಿದ ‘ಮ್ಯಾಪ್‌ರೆಡ್ಯೂಸ್’ ಪದ್ಧತಿಯೂ ಹಾಗೆಯೇ. ಸಾವಿರಾರು ಯಂತ್ರಗಳಲ್ಲಿ ಮಾಹಿತಿ ಹಂಚಿ ಇಟ್ಟು, ಯಾವ ಯಂತ್ರದಲ್ಲಿ ಯಾವ ತುಂಡು ಇದೆಯೋ ಆದಷ್ಟು ಅದಕ್ಕೇ ಆ ತುಂಡಿನ ಕೆಲಸ ಒಪ್ಪಿಸುವುದು, ಕೊನೆಗೆ ಉತ್ತರಗಳನ್ನಷ್ಟೇ ಕೂಡಿಸುವುದು. ಗಂಗಾವತಿಯ ಮಿಲ್ಲಿನವರು ಇದನ್ನು ಓದಿದ್ದರೆ ಪೇಟೆಂಟ್ ಹಣ ಕೇಳುತ್ತಿದ್ದರು.

ನಂಬಿಕೆಯಿಲ್ಲದಿದ್ದರೆ ಕಾಗದ ಪೆನ್ಸಿಲ್ ತೆಗೆಯಿರಿ. ಯಲಬುರ್ಗಾದಲ್ಲಿ ಸೆಕೆಂಡಿಗೆ 10 ಮೆಗಾಬಿಟ್ ವೇಗದ ನೆಟ್ ಇದೆ ಎಂದುಕೊಳ್ಳೋಣ, ಅಂದುಕೊಳ್ಳಲು ದುಡ್ಡು ಕೊಡಬೇಕಿಲ್ಲ. ಒಂದು ಟೆರಾಬೈಟ್ ಮಾಹಿತಿ ಅದರಲ್ಲಿ ಬೆಂಗಳೂರು ಮುಟ್ಟಲು, ಒಂದು ಕ್ಷಣವೂ ಕಡಿಯದೆ ಹರಿದರೂ, 9 ದಿನ ಮೀರುತ್ತದೆ. ಅದೇ ಟೆರಾಬೈಟಿನ ಡಿಸ್ಕನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ರಾತ್ರಿ ಸರ್ಕಾರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಮೆಜೆಸ್ಟಿಕ್. ನಡುವೆ ಚಹಾಕ್ಕೂ ನಿಲ್ಲಿಸುತ್ತಾರೆ. ಇದು ತಮಾಷೆ ಎನ್ನುವವರು ಅಮೆಜಾನ್ ಕಂಪನಿಯನ್ನು ನೋಡಲಿ. 2016ರಲ್ಲಿ ಅದು ‘ಸ್ನೋಮೊಬೈಲ್’ ಎಂದು ಒಂದು ಕಂಟೇನರ್ ಲಾರಿಯನ್ನೇ ಬಿಟ್ಟಿತು, 100 ಪೆಟಾಬೈಟ್ ತುಂಬಿಕೊಂಡು ಹೋಗುವಂಥದ್ದು. ಮೋಡದಲ್ಲಿ ಮಾಹಿತಿ ಇಡುತ್ತೇವೆ ಎಂದು ಜಗತ್ತಿಗೆಲ್ಲ ಹೇಳುವ ಕಂಪನಿಗೂ ಕೊನೆಗೆ ಲಾರಿಯೇ ಗತಿಯಾಯಿತು. 2024ರ ಹೊತ್ತಿಗೆ ಆ ಲಾರಿಯೂ ನಿಂತಿತು. ಭಾರ ಹೊರುವ ಕಷ್ಟ ನಮ್ಮ ಹಮಾಲರಿಗೆ ಮೊದಲೇ ಗೊತ್ತಿತ್ತು.

ಆ ಮ್ಯಾಪ್‌ರೆಡ್ಯೂಸ್ ಪದ್ಧತಿಯನ್ನು ಎಲ್ಲರ ಕೈಗೂ ಕೊಟ್ಟ ತಂತ್ರಾಂಶದ ಹೆಸರು ಹಡೂಪ್. ಅದನ್ನು ಕಟ್ಟಿದವರಲ್ಲೊಬ್ಬರಾದ ಡಗ್ ಕಟಿಂಗ್ ತಮ್ಮ ಮಗನ ಆಟಿಕೆ ಆನೆಯ ಹೆಸರನ್ನೇ ಅದಕ್ಕೆ ಇಟ್ಟರು. ಆಟಿಕೆ ಬೇಕೆಂದರೆ ಕಿನ್ನಾಳ ನಮ್ಮಲ್ಲಿದೆ, ಆನೆ ಬೇಕೆಂದರೆ ಆನೆಗುಂದಿ ನಮ್ಮಲ್ಲಿದೆ. ತಂತ್ರಾಂಶ ಮಾತ್ರ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿತು, ನಮ್ಮ ಗ್ರಹಚಾರ.

ಹಡೂಪ್ ಇನ್ನೊಂದು ಜಾಣತನ ಮಾಡುತ್ತದೆ. ಪ್ರತಿ ತುಂಡು ಮಾಹಿತಿಗೂ ಸಾಮಾನ್ಯವಾಗಿ ಮೂರು ಪ್ರತಿ. ಎರಡು ಒಂದೇ ಕಪಾಟಿನ ಬೇರೆ ಬೇರೆ ಯಂತ್ರಗಳಲ್ಲಿ, ಮೂರನೆಯದು ಇನ್ನೊಂದು ಕಪಾಟಿನಲ್ಲಿ. ಒಂದು ಹಾಳಾದರೆ ಇನ್ನೊಂದು. ಇದನ್ನು ಓದಿದಾಗ ನನಗೆ ಕೊಪ್ಪಳದ ಗುಡ್ಡಗಳು ನೆನಪಾದವು. 1931ರಲ್ಲಿ ಇಲ್ಲಿ ಅಶೋಕನ ಶಾಸನಗಳು ಬೆಳಕಿಗೆ ಬಂದವು, ಒಂದು ಗವಿಮಠದ ಗುಡ್ಡದಲ್ಲಿ, ಇನ್ನೊಂದು ಪಲ್ಕಿಗುಂಡುವಿನಲ್ಲಿ. ಅದೇ ಒಕ್ಕಣೆಯ ಮತ್ತೊಂದು ಮಸ್ಕಿಯಲ್ಲಿ, 1915ರಲ್ಲೇ ಸಿಕ್ಕಿತ್ತು. ಎರಡು ಒಂದೇ ಊರಲ್ಲಿ, ಒಂದು ಬೇರೆ ಊರಲ್ಲಿ! ಪಲ್ಕಿಗುಂಡುವಿನ ಅಕ್ಷರಗಳು ಬಹುಪಾಲು ಸವೆದು ಹೋಗಿವೆ, ಗವಿಮಠದ್ದು ಓದಲಿಕ್ಕೆ ಬರುತ್ತದೆ. ಎರಡು ಪ್ರತಿ ಇಟ್ಟದ್ದು ಎರಡು ಸಾವಿರ ವರ್ಷದ ಮೇಲೂ ಕೆಲಸಕ್ಕೆ ಬಂತು. ‘ನಮ್ಮ ಆಜ್ಞೆ ಓದಬೇಕಾದವರು ಪಾಟಲಿಪುತ್ರಕ್ಕೆ ಬರತಕ್ಕದ್ದು’ ಎಂದು ಆ ದೊರೆ ಡಂಗುರ ಸಾರಲಿಲ್ಲ. ಕಲ್ಲುಕುಟಿಗನನ್ನೇ ಕೊಪ್ಪಳಕ್ಕೆ ಕಳಿಸಿದ. ಗವಿಮಠದ ಬಂಡೆ ಈವರೆಗೆ ಒಂದು ದಿನವೂ ಡೌನ್ ಆಗಿಲ್ಲ. ಶಾಸನದ ಭಾಷೆ ಪ್ರಾಕೃತ, ಇಲ್ಲಿಯ ಜನಕ್ಕೆ ತಿಳಿದಿರಲಿಕ್ಕಿಲ್ಲ ಎನ್ನಬಹುದು. ನಿಜ. ಅಶೋಕನಿಂದ ನಮ್ಮ ಸರ್ಕಾರಿ ಪೋರ್ಟಲ್‌ಗಳು ಕಲಿತದ್ದು ಅದೊಂದನ್ನೇ.

ಇನ್ನೂ ಹತ್ತಿರದ ಉದಾಹರಣೆ ಬೇಕೇ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು, ಗೇಟು ನೀರು ಪಾಲಾಯಿತು. ಎಡದಂಡೆಯ ಗದ್ದೆಗಳವರೆಗೂ ಎದೆ ಬಡಿತ. ಗೇಟು ತಜ್ಞ ಕನ್ನಯ್ಯ ನಾಯ್ಡು, ಇಳಿ ವಯಸ್ಸಿನಲ್ಲೂ, ಅಣೆಕಟ್ಟಿನ ಮೇಲೆ ಬಂದು ನಿಂತರು. ಭೋರ್ಗರೆಯುವ ನೀರಿನಲ್ಲೇ ಕಬ್ಬಿಣದ ಹಲಗೆಗಳನ್ನು ಇಳಿಸಿ, ವಾರದ ಹೊತ್ತಿಗೆ ಕಂಡಿ ಮುಚ್ಚಿಸಿದರು. ಬುದ್ಧಿ ಗೇಟಿದ್ದಲ್ಲಿಗೆ ಬಂತು, ಕೆಲಸ ಆಯಿತು. ಆ ರಾತ್ರಿ ಯಾರಾದರೂ ‘ಗೇಟಿನ ತೊಂದರೆಯನ್ನು ಪೋರ್ಟಲ್‌ನಲ್ಲಿ ದಾಖಲಿಸಿ, ಫೋಟೋ 200 ಕೆಬಿ ಮೀರಬಾರದು’ ಎಂದಿದ್ದರೆ ಇಡೀ ಜಲಾಶಯ ಆಂಧ್ರ ದಾಟಿ ಸಮುದ್ರ ಸೇರುತ್ತಿತ್ತು.

ಈಗ ಕಂಪ್ಯೂಟರ್ ಕಂಪನಿಗಳಿಗೆ ಜ್ಞಾನೋದಯವಾಗಿದೆ. ಎಲ್ಲವನ್ನೂ ದೂರದ ಮೋಡಕ್ಕೆ ಏರಿಸುವುದು ಸಾಕು, ಇನ್ನು ಲೆಕ್ಕ ‘ಎಡ್ಜ್’ನಲ್ಲಿ, ಅಂದರೆ ಅಂಚಿನಲ್ಲಿ, ನಡೆಯಬೇಕಂತೆ. ಬನ್ನಿ, ನಾವು ಮೊದಲಿನಿಂದಲೂ ಅಂಚಿನಲ್ಲೇ ಕೂತಿದ್ದೇವೆ. ಕವಿರಾಜಮಾರ್ಗದ ಕಾಲಕ್ಕೆ ಕೊಪಣ ನಗರ ತಿರುಳ್ಗನ್ನಡದ ಗುರುತಿನ ಕಲ್ಲಾಗಿತ್ತು, ನಾಡಿನ ನಡುಮನೆ. ನಡುಮನೆಯವರು ನಡುಗೋಡೆ ದಾಟಿ ಹಿತ್ತಲು ಸೇರಿದ್ದು ಹೇಗೋ ಕಾಣೆ. ಹಿಂದುಳಿದವರೆಂದು ಸಂವಿಧಾನಕ್ಕೆ 371(ಜೆ) ಸೇರಿಸಿದರು. 2019ರಲ್ಲಿ ಹೈದರಾಬಾದ್ ಕರ್ನಾಟಕದ ಹೆಸರು ಅಳಿಸಿ ಕಲ್ಯಾಣ ಕರ್ನಾಟಕವೆಂದು ಬೋರ್ಡು ಬರೆಸಿದರು. ಬೋರ್ಡು ಬದಲಿಸುವಾಗ ಬೋರ್ಡಿನ ಕೆಳಗೆ ಒಂದು ಸರ್ವರ್ ಇಟ್ಟಿದ್ದರೆ ಕಲ್ಯಾಣ ಒಂದಿಷ್ಟು ಮೊದಲೇ ಆಗುತ್ತಿತ್ತು.

ಬೆಂಗಳೂರಿನಲ್ಲಿ ಏನೂ ಇರಬಾರದೆಂದು ನಾನು ಹೇಳುತ್ತಿಲ್ಲ. ತಾಲೂಕು ಕಚೇರಿಯ ಕಂಪ್ಯೂಟರಿಗೆ ಧೂಳು ಕೂರುತ್ತದೆ, ಕರೆಂಟು ಹೋಗುತ್ತದೆ, ಯಾರದೋ ಬೆರಳು ಯಾರದೋ ಹೊಲದ ಸರ್ವೆ ನಂಬರಿನ ಮೇಲೆ ಜಾರುತ್ತದೆ. ಬೇರೆ ಊರಿನಲ್ಲಿ ಕುಳಿತು ಪಹಣಿ ತೆಗೆಯುವ ಸುಖ ಒಂದೆಡೆ ಕೂಡಿಟ್ಟದ್ದರಿಂದಲೇ ಬಂದದ್ದು. ಇಡೀ ರಾಜ್ಯದ ಮಳೆ ಕೂಡಿಸಿ ಬರ ಘೋಷಿಸಲು ಯಲಹಂಕ ಬೇಕೇ ಬೇಕು. ಅದಕ್ಕೇ ಮೂರನೆಯ ಪ್ರತಿ ದೂರದಲ್ಲಿರಲಿ ಎನ್ನುವುದು, ಮಸ್ಕಿಯಂತೆ. ಆದರೆ ಮಸ್ಕಿಯಲ್ಲಿ ಒಂದು ಇದೆಯೆಂದು ಗವಿಮಠದ ಬಂಡೆಯನ್ನು ಕೆತ್ತಿ ಒಯ್ಯುವುದು ಯಾವ ಶಾಸ್ತ್ರ?

ಆದ್ದರಿಂದ ಮೊದಲಿನ ಅರಿಕೆಯನ್ನು ಹಿಂಪಡೆದು ಹೊಸದೊಂದು ಸಲ್ಲಿಸುತ್ತಿದ್ದೇನೆ. ನ್ಯಾಯಬೆಲೆ ಅಂಗಡಿಯ ಮಷೀನಿನಲ್ಲಿ ಆ ಊರಿನ ಕಾರ್ಡುದಾರರ ತಿಂಗಳ ಪಟ್ಟಿ ಮೊದಲೇ ತುಂಬಿರಲಿ, ನೆಟ್ ಇಲ್ಲದಾಗ ಅಕ್ಕಿ ಕೊಟ್ಟು, ರಾತ್ರಿ ನೆಟ್ ಬಂದಾಗ ಲೆಕ್ಕ ಕಳಿಸಲಿ. ಜಿಲ್ಲೆಯ ಏಳೂ ತಾಲೂಕಿನ ಪಹಣಿಯ ಒಂದು ಪ್ರತಿ ಆಯಾ ತಾಲೂಕಿನಲ್ಲೇ ಇರಲಿ, ಕೇಬಲ್ ಕಡಿದ ದಿನ ಅದರಿಂದಲೇ ನಕಲು ಸಿಗಲಿ. ಪಂಚಾಯಿತಿ ಮಳೆಮಾಪಕದ ಕೆಳಗೆ ಅಂದಿನ ಮಳೆ ತೋರಿಸುವ ಫಲಕವಿರಲಿ. ಇಲ್ಲೇ ಬೀಸಿ, ಅಕ್ಕಿ ಒಯ್ಯಿರಿ, ತೌಡು ಹೊಟ್ಟು ಇಲ್ಲೇ ಬಿಡಿ. ಇದಕ್ಕೆ ವಿದೇಶಿ ಸಲಹೆಗಾರರು ಬೇಡ, ಕಾರಟಗಿಯ ಯಾವುದಾದರೂ ಮಿಲ್ಲಿನ ಗುಮಾಸ್ತ ಸಾಕು.

ಓದುಗರಲ್ಲೂ ಒಂದು ವಿನಂತಿ. ಮುಂದಿನ ಸಲ ಯಾವ ಕಿಟಕಿಯಲ್ಲಾದರೂ ‘ಸರ್ವರ್ ಡೌನ್ ಐತ್ರಿ’ ಎಂದರೆ ಸಿಟ್ಟಾಗಬೇಡಿ, ಒಳಗೆ ಕೂತವನದೇನೂ ತಪ್ಪಿಲ್ಲ, ಅವನೂ ನಮ್ಮಂತೆ ಅಂಚಿನವನೇ. ‘ಎಷ್ಟು ಕಿಲೋಮೀಟರ್ ದೂರದಾಗ ಡೌನ್ ಆಗೈತ್ರಿ?’ ಎಂದು ಕೇಳಿ, ಉತ್ತರವನ್ನು ನಿಮ್ಮ ಅರ್ಜಿಯ ಮೇಲೇ ಬರೆಸಿಕೊಂಡು ಸಹಿ ಹಾಕಿಸಿ. ಯಲಬುರ್ಗಾದ ಆ ಮುದುಕಿಗೆ ಅಂದು ಅಕ್ಕಿ ಸಿಕ್ಕಿದ್ದು ಸಂಜೆ ಐದಕ್ಕೆ, ಎಂಟನೆಯ ಸಲ ಒತ್ತಿದಾಗ. ಅಷ್ಟೂ ಹೊತ್ತು ಅವಳು ಅಲ್ಲೇ ಇದ್ದಳು.